ಉಗುರು ಮುರಿದ ಗಂಟು

ಮನೆ ಕಟ್ಟಿ ನೋಡು ಎಂದು ಹಿರಿಯರು ಹೇಳಿಟ್ಟು ಹೋದರು. ಕಟ್ಟಿಸುವಾಗ ಎಲ್ಲಿ ಕೂತು ನೋಡಬೇಕು ಎಂದು ಮಾತ್ರ ಹೇಳಲಿಲ್ಲ. ಅದನ್ನು ಗೋಣಿದಾರ ತಾನೇ ಕಂಡುಕೊಂಡಿದ್ದ. ಮರಳಿನ ರಾಶಿಗೂ ಸೈಜುಗಲ್ಲಿನ ಗುಡ್ಡೆಗೂ ನಡುವೆ ಒಂದು ಮಡಚುವ ಕುರ್ಚಿ, ಅದರ ಬೆನ್ನಿಗೆ ಬಿಗಿದ ಒಂದು ಕೊಡೆ. ಅಲ್ಲಿ ಕೂತರೆ ಏಳುತ್ತಿರುವ ಗೋಡೆ ಕಾಣುತ್ತಿತ್ತು, ನೀರಿನ ತೊಟ್ಟಿ ಕಾಣುತ್ತಿತ್ತು, ಯಾರು ಎಷ್ಟು ಸಲ ಬೆನ್ನು ನೆಟ್ಟಗೆ ಮಾಡಿಕೊಂಡರು ಎಂಬುದೂ ಕಾಣುತ್ತಿತ್ತು.

ಗೋಣಿದಾರ ಎಂಬುದು ಅವನ ಹೆಸರಲ್ಲ, ಕಾರ್ಖಾನೆಯವರು ಇಟ್ಟದ್ದು. ಅಲ್ಲಿನ ಉಗ್ರಾಣದಲ್ಲಿ ತಲೆ ನರೆಯುವವರೆಗೆ ಕೆಲಸ ಮಾಡಿದವನು. ಬಂದ ಮೂಟೆಯ ದಾರಕ್ಕೆ ಒಮ್ಮೆಯೂ ಕತ್ತರಿ ಹಾಕಿದವನಲ್ಲ. ಎಂಥ ಕಗ್ಗಂಟನ್ನಾದರೂ ಉಗುರಿನಲ್ಲೇ ಬಿಚ್ಚಿ, ದಾರವನ್ನು ನೀವಿ, ಸುರುಳಿ ಸುತ್ತಿ ಡಬ್ಬಿಗೆ ಹಾಕುತ್ತಿದ್ದ. ಗಂಟು ಬಿಚ್ಚುವುದರಲ್ಲಿ ಎತ್ತಿದ ಕೈ. ಸಹೋದ್ಯೋಗಿಗಳು ನಗುತ್ತಿದ್ದರು, ಅವನು ಹೆಮ್ಮೆಪಡುತ್ತಿದ್ದ. ನಗುವ ಜನರ ನಡುವೆ ಹೆಮ್ಮೆಪಡುವವನಿಗೆ ಚರ್ಮ ಸ್ವಲ್ಪ ದಪ್ಪವಿರಬೇಕು, ಆದರೆ ಅವನದು ಹಾಗಿರಲಿಲ್ಲ. ಒಬ್ಬರು ಒಂದು ಮಾತು ಜೋರಾಗಿ ಆಡಿದರೆ ಮೂರು ದಿನ ಊಟ ಸೇರುತ್ತಿರಲಿಲ್ಲ. ಈ ಕಥೆಯ ಅರ್ಧ ಅನಾಹುತ ಅಲ್ಲಿಂದಲೇ ಹುಟ್ಟಿತು.

ಕಲ್ಲಿನ ಮನೆಯೇ ಬೇಕು ಎಂಬುದು ಅವನ ಹಟ. ಇಟ್ಟಿಗೆಯಲ್ಲಿ ಮುಗಿಸೋಣ ಎಂದು ಹೆಂಡತಿ ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಹುಡುಕಿ ತಂದದ್ದು ಒಬ್ಬ ಮೇಸ್ತ್ರಿಯನ್ನು. ಆಳು ಸಣಕಲ, ದನಿ ಮಾತ್ರ ನಗಾರಿ. ಜೊತೆಗೆ ಅವನ ಹೆಂಡತಿ, ಗಾರೆ ಕಲಸಿ ಬಾಂಡ್ಲಿಯಲ್ಲಿ ಹೊರುವವಳು. ಇನ್ನೊಬ್ಬ ಎಡಚ ಎಂದು ಕರೆಸಿಕೊಳ್ಳುವ ಕೆಲಸಗಾರ, ಕಲ್ಲನ್ನು ಉಳಿಯಿಂದ ಸಮ ಮಾಡಿ ಮುಖ ಹೊಡೆಯುವವನು. ಗಂಡ ಹೆಂಡತಿ ಕೆಲಸದ ನಡುವೆಯೇ ಜಗಳವಾಡುತ್ತಿದ್ದರು, ಜಗಳದ ನಡುವೆಯೇ ನಗುತ್ತಿದ್ದರು. ಅವನು ಮೇಲಿನಿಂದ "ಏ ಮಹಾರಾಣಿ, ಗಾರೆ ಎಲ್ಲೇ?" ಎಂದರೆ ಇವಳು ಕೆಳಗಿನಿಂದ "ಬರ್ತಾ ಇದೆ, ಸಿಂಹಾಸನ ಬಿಟ್ಟು ಇಳಿದು ತಗೊಂಡ್ಹೋಗು" ಎನ್ನುವಳು. ಗೋಣಿದಾರನಿಗೆ ಅದನ್ನು ಕೇಳುವುದು ಇಷ್ಟವಾಗಿತ್ತು. ಮನೆಯಲ್ಲಿ ಅವನೂ ಅವನ ಹೆಂಡತಿಯೂ ಹಾಗೆ ಮಾತನಾಡಿ ಎಷ್ಟೋ ಕಾಲವಾಗಿತ್ತು.

ಗೋಡೆ ಎದೆಮಟ್ಟ ದಾಟಿದಾಗ ಮೇಸ್ತ್ರಿ ಸಾರವೆ ಕಟ್ಟಿದ. ನೆಟ್ಟಗೆ ನಿಲ್ಲಿಸಿದ ಗಳಗಳಿಗೆ ಅಡ್ಡಗಳಗಳನ್ನು ಹಗ್ಗದಿಂದ ಬಿಗಿದು, ಮೇಲೆ ಹಲಗೆ ಹಾಸಿದರೆ ಅದೇ ಸಾರವೆ. ಅದರ ಮೇಲೆ ನಿಂತೇ ಕಲ್ಲು ಕೂರಿಸುವುದು. ಗಳ ಗಳ ಕೂಡುವ ಒಂದೊಂದು ಕಡೆಯೂ ಅವನು ಎರಡೆರಡು ಹಗ್ಗ ಸುತ್ತುತ್ತಿದ್ದ. ಗೋಣಿದಾರ ಕುರ್ಚಿಯಿಂದ ಎದ್ದು ಬಂದ.

"ಒಂದು ಸಾಕಲ್ವಾ ಮೇಸ್ತ್ರಿ? ಎರಡ್ಯಾಕೆ ದಂಡ?"

"ಒಂದು ಭಾರ ಹೊರೋಕೆ, ಇನ್ನೊಂದು ಅದನ್ನ ಕಾಯೋಕೆ. ಹಗ್ಗ ನಂದೇ, ನಿಮಗೇನು ಸಂಕಟ?"

ಎಡಚ ಕಿಸಕ್ಕನೆ ನಕ್ಕ. ಅಷ್ಟಕ್ಕೇ ಬಿಟ್ಟಿದ್ದರೆ ಸರಿಹೋಗುತ್ತಿತ್ತೇನೋ. ಆದರೆ ಮಾರನೆಯ ದಿನ ಗೋಣಿದಾರ ತನ್ನ ಅಂಗಿಯನ್ನು ಕಳಚಿ ಸಾರವೆಯ ಗಳಕ್ಕೆ ನೇತುಹಾಕಿದ್ದನ್ನು ಮೇಸ್ತ್ರಿ ಕಂಡ. ಮೇಲಿನಿಂದ ಆ ನಗಾರಿ ದನಿಯಲ್ಲಿ ಕೂಗಿದ: "ಯಜಮಾನ್ರೇ, ಮನೆ ನಿಮ್ದು, ಸಾರವೆ ನಂದು. ಕಟ್ಟಿದ ಮೇಲೆ ಯಾರೂ ಮುಟ್ಟೋ ಹಾಗಿಲ್ಲ, ನೀವೂ ಸಹ. ಮೇಲೆ ನನ್ನ ಸಂಸಾರ ಓಡಾಡುತ್ತೆ." ಅಂಗಿಯನ್ನು ತೆಗೆದುಕೊಂಡು ಗೋಣಿದಾರ ಕುರ್ಚಿಗೆ ಹೋಗಿ ಕೂತ. ಅವತ್ತು ಮಧ್ಯಾಹ್ನ ಬುತ್ತಿಯನ್ನೇ ಬಿಚ್ಚಲಿಲ್ಲ. ತನ್ನದೇ ಜಾಗದಲ್ಲಿ, ತನ್ನದೇ ಕೆಲಸದವರ ಮುಂದೆ ಅನ್ನಿಸಿಕೊಂಡೆನಲ್ಲ ಎಂದು ಒಳಗೇ ಕುದ್ದ.

ಅದಾದ ಕೆಲವೇ ದಿನಕ್ಕೆ ಸಿಮೆಂಟು ಬಂತು. ಕೆಲಸದವರು ಮನೆಗೆ ಹೋದ ಮೇಲೆ, ಹೊತ್ತು ಇಳಿಯುವಾಗ, ಎಲ್ಲಿತ್ತೋ ಮೋಡ ಬಂದು ಕವಿಯಿತು. ಮೂಟೆಗಳ ಮೇಲೆ ಹೊದೆಸಿದ್ದ ಟಾರ್ಪಾಲು ಗಾಳಿಗೆ ಪಟಪಟ ಹಾರತೊಡಗಿತು. ಗೋಣಿದಾರನ ಡಬ್ಬಿಯಲ್ಲಿದ್ದ ದಾರಗಳೆಲ್ಲ ಅದಕ್ಕೆ ಸಾಲುವಂಥವಲ್ಲ. ಬೇರೆ ಯಾರಾದರೂ ಆಗಿದ್ದರೆ ರಸ್ತೆ ತುದಿಯ ಅಂಗಡಿಗೆ ಹೋಗಿ ಹಗ್ಗ ತರುತ್ತಿದ್ದರು. ಇಲ್ಲವೇ ನಾಲ್ಕು ಕಲ್ಲು ಹೇರಿ ಸುಮ್ಮನಾಗುತ್ತಿದ್ದರು, ಕಲ್ಲಿಗೇನು ಅಲ್ಲಿ ಬರವಿತ್ತೇ? ಆದರೆ ಗೋಣಿದಾರನ ಕಣ್ಣು ಹೋದದ್ದು ಸಾರವೆಯ ಮೂಲೆಗೆ, ಆ ದಂಡದ ಹಗ್ಗಕ್ಕೆ.

ಹೇಗೂ ಎರಡಿವೆ. ಬೆಳಿಗ್ಗೆ ಅವರು ಬರುವ ಮೊದಲು ಮತ್ತೆ ಕಟ್ಟಿದರಾಯಿತು.

ಗಂಟು ಸುಲಭಕ್ಕೆ ಬಗ್ಗಲಿಲ್ಲ. ನಾಲ್ಕು ಸುತ್ತು ಸುತ್ತಿ, ನಡುವೆ ಅಡ್ಡ ಬಿಗಿದು, ತುದಿಯನ್ನು ಒಳಗೆ ತುರುಕಿ ಎಳೆದಿದ್ದ ಮೇಸ್ತ್ರಿ. ಅಷ್ಟು ವರ್ಷದ ಉಗ್ರಾಣದಲ್ಲಿ ಅಂಥ ಗಂಟು ಅವನ ಕೈಗೆ ಸಿಕ್ಕಿರಲಿಲ್ಲ. ಹನಿ ಬೀಳತೊಡಗಿತ್ತು, ಗೋಣಿದಾರನಿಗೂ ಛಲ ಹತ್ತಿತು. ಬಲಗೈಯ ತೋರುಬೆರಳಿನ ಉಗುರು ಬುಡದವರೆಗೆ ಮುರಿದು ರಕ್ತ ಬಂತು. ಆಮೇಲೇ ಗಂಟು ಬಿಟ್ಟುಕೊಟ್ಟದ್ದು. ಸಿಮೆಂಟು ಒಂದು ಹಿಡಿಯೂ ನೆನೆಯಲಿಲ್ಲ. ಬೆರಳು ಚೀಪುತ್ತಾ ಅವನು ಗೆದ್ದವನಂತೆ ಬಾಡಿಗೆ ಮನೆಗೆ ಹೋದ.

ಬೆಳಿಗ್ಗೆ ಕಟ್ಟುವುದು ಮರೆತುಹೋಯಿತು ಎಂದರೆ ಅರ್ಧ ಸತ್ಯ. ಅವನು ಬರುವಷ್ಟರಲ್ಲಿ ಮೇಸ್ತ್ರಿ ಆಗಲೇ ಮೇಲೆ ಹತ್ತಿ ಕಲ್ಲು ಕೂರಿಸುತ್ತಿದ್ದ. ಹಗ್ಗ ಬಿಚ್ಚಿದ ಮೂಲೆಯಲ್ಲಿ ಅಲ್ಲ, ಇನ್ನೊಂದು ಮೂಲೆಯಲ್ಲಿ. ಗೋಣಿದಾರ ಕೂತ. ಹಗ್ಗ ನೆನಪಾಯಿತು. ಈಗ ಹೇಳಿದರೆ ಮತ್ತೆ ಆ ದನಿ, ಮತ್ತೆ ಎಡಚನ ನಗು. ಇನ್ನೊಂದು ಹಗ್ಗ ಇದೆಯಲ್ಲ, ಮಧ್ಯಾಹ್ನ ಅವರು ಊಟಕ್ಕೆ ಇಳಿದಾಗ ಸದ್ದಿಲ್ಲದೆ ಕಟ್ಟಿಬಿಡೋಣ ಎಂದುಕೊಂಡ. ಅಷ್ಟರಲ್ಲಿ ಮೇಸ್ತ್ರಿಯ ಹೆಂಡತಿ ತುಂಬಿದ ಬಾಂಡ್ಲಿ ಹೊತ್ತು ಹಲಗೆ ಹತ್ತಿದಳು. ಆ ಮೂಲೆಯ ಕಡೆಗೇ ತಿರುಗಿದಳು. ಗೋಣಿದಾರ ಕುರ್ಚಿಯಿಂದ ಅರ್ಧ ಎದ್ದ. ಬಾಯಿಯನ್ನೂ ತೆರೆದ.

ಬಾಯಿ ತೆರೆದದ್ದು ನಿಜ, ಮಾತು ಬರಲಿಲ್ಲ. ಅಡ್ಡಗಳ ಜಾರಿತು, ಹಲಗೆ ಮಗುಚಿತು, ಅವಳು ಬಾಂಡ್ಲಿಯ ಸಮೇತ ಕಲ್ಲಿನ ಗುಡ್ಡೆಯ ಮೇಲೆ ಬಿದ್ದಳು.

ಬದುಕಿದಳು. ಬಲಗೈಯ ಮೂಳೆ ಎರಡು ಕಡೆ ಮುರಿದಿತ್ತು, ಸೊಂಟಕ್ಕೆ ಪೆಟ್ಟಾಗಿತ್ತು. ಮೇಸ್ತ್ರಿ ಮತ್ತು ಎಡಚ ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ನಾನು ಬಾಗಿಲು ಹಾಕಿ ಹಿಂದೆಯೇ ಬರುತ್ತೇನೆ ಎಂದ ಗೋಣಿದಾರ. ಬಾಗಿಲೇ ಇಲ್ಲದ ಮನೆಗೆ ಯಾವ ಬಾಗಿಲು? ಅವರು ತಿರುವಿನಲ್ಲಿ ಮರೆಯಾದ ಕೂಡಲೇ ಅವನು ಟಾರ್ಪಾಲಿನ ಹಗ್ಗ ಬಿಚ್ಚಿದ. ಅದನ್ನು ತಂದು ಬಿದ್ದ ಅಡ್ಡಗಳದ ಪಕ್ಕದಲ್ಲಿ, ಚೆಲ್ಲಿದ ಗಾರೆಯ ಮೇಲೆ ಎಸೆದ. ಕಾಲಲ್ಲಿ ಸ್ವಲ್ಪ ತಳ್ಳಿದ, ಸಹಜವಾಗಿ ಬಿದ್ದಂತೆ ಕಾಣಲಿ ಎಂದು. ಅದನ್ನು ಮಾಡುವಾಗ ಅವನ ಕೈ ನಡುಗಲಿಲ್ಲ. ಆಮೇಲೆ ಅದನ್ನು ನೆನೆದಾಗಲೆಲ್ಲ ಅವನಿಗೆ ಹೇಸಿಗೆ ಹುಟ್ಟಿಸಿದ್ದು ಇದೇ.

ಸಂಜೆ ಮೇಸ್ತ್ರಿ ಬಂದ. ನೇರ ಆ ಮೂಲೆಗೆ ಹೋಗಿ ಕುಕ್ಕರಗಾಲಲ್ಲಿ ಕೂತ. ಹಗ್ಗವನ್ನು ಎತ್ತಿ ಉದ್ದಕ್ಕೂ ಕೈಯಾಡಿಸಿದ.

"ಹರಿದಿಲ್ಲ" ಎಂದ. "ಹರಿದಿದ್ರೆ ಹಗ್ಗದ ತಪ್ಪು ಅನ್ನಬೋದಿತ್ತು. ಗಂಟೇ ಬಿಚ್ಚಿಕೊಂಡಿದೆ. ಭಾರ ಹೊರೋ ಹಗ್ಗ ಇದು, ಇದು ಬಿಟ್ರೆ ಕಾಯೋ ಹಗ್ಗ ಒಂದೇ ತಡ್ಕೊಳ್ಳಲ್ಲ. ಯಜಮಾನ್ರೇ, ನೀವು ಇಲ್ಲೇ ಇರ್ತೀರಲ್ಲ. ಯಾರಾದ್ರೂ ಮುಟ್ಟಿದ್ದು ನೋಡಿದ್ರಾ?"

"ಇಲ್ಲ" ಎಂದ ಗೋಣಿದಾರ. "ಯಾರೂ ಮುಟ್ಟಿಲ್ಲ."

ಸುಮ್ಮನಿದ್ದರೆ ಸಾಕಿತ್ತು. ಆದರೆ ಸುಳ್ಳಿಗೆ ಒಂಟಿಯಾಗಿ ನಿಲ್ಲುವ ಶಕ್ತಿ ಇರುವುದಿಲ್ಲ, ಜೊತೆಗೊಂದು ಬೇಕು. "ಆತುರದಲ್ಲಿ ಸರಿಯಾಗಿ ಬಿಗಿದಿರ್ಲಿಲ್ವೇನೋ ಮೇಸ್ತ್ರಿ. ಆಗುತ್ತೆ ಒಂದೊಂದ್ಸಲ, ಎಂಥವರಿಗೂ" ಎಂದೂ ಸೇರಿಸಿದ. ಬಲಗೈಯನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದ.

ಮೇಸ್ತ್ರಿ ತನ್ನ ಎರಡು ಅಂಗೈಗಳನ್ನೂ ನೋಡಿಕೊಂಡ. "ಆಗಿರ್ಬೇಕು" ಎಂದ. ಆ ದನಿ ನಗಾರಿಯದಾಗಿರಲಿಲ್ಲ.

ಆಸ್ಪತ್ರೆಯ ಖರ್ಚನ್ನೆಲ್ಲ ಗೋಣಿದಾರನೇ ಕೊಟ್ಟ. ಹಣ್ಣು ಒಯ್ದ, ಔಷಧಿ ಒಯ್ದ, ಮನೆಯಿಂದ ಊಟ ಕಳಿಸಿದ. ಜನ ಏನೆನ್ನಬೇಕು? ದೇವರಂಥ ಮನುಷ್ಯ ಎಂದರು. ಎಡಚ ಕೂಡ ಈಗ ನೋಡಿ ನಗುತ್ತಿರಲಿಲ್ಲ, ಎದ್ದು ನಿಲ್ಲುತ್ತಿದ್ದ. ಒಂದೊಂದು ಹೊಗಳಿಕೆಗೂ ಗೋಣಿದಾರ ಕುಗ್ಗುತ್ತಾ ಹೋದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರು ಇದ್ದಾರೆ. ಇವನಿಗೆ ಪುಣ್ಯಾತ್ಮ ಎಂದರೆ ಬೆರಳು ಮುಟ್ಟಿಕೊಳ್ಳುವ ಹಾಗಾಗಿತ್ತು.

"ಉಗುರಿಗೇನಾಯ್ತು ರೀ?" ಎಂದು ಹೆಂಡತಿ ಕೇಳಿದಾಗ "ಬಾಗಿಲಿಗೆ ಸಿಕ್ತು" ಎಂದ.

ಅವಳೇ ಮೇಸ್ತ್ರಿಯ ಮನೆಗೆ ಊಟದ ಡಬ್ಬಿ ಒಯ್ದು ಕೊಡುತ್ತಿದ್ದವಳು. ಒಂದು ದಿನ ಬಂದವಳು ಚಪ್ಪಲಿ ಬಿಡುವ ಮೊದಲೇ ಹೇಳಿದಳು: "ಆ ಮನೇಲಿ ಕೂರೋಕಾಗಲ್ಲ ಕಣ್ರೀ. ಅವಳು ಗಂಡನಿಗೆ ಬೈತಾಳೆ ನೋಡಿ, ಕಿವಿ ಮುಚ್ಕೋಬೇಕು. ನಿನ್ನ ಕೈಗೆ ಲಕ್ವ ಹೊಡೀಲಿ ಅಂತಾಳೆ, ನನ್ನ ಸಾಯಿಸೋಕೇ ಕಟ್ಟಿದ್ಯಾ ಅಂತಾಳೆ. ಅವನು ಒಂದು ಮಾತು ಆಡಲ್ಲ. ಅವಳ ತಟ್ಟೆ ತೊಳ್ದು, ತಲೆ ಬಾಚಿ ಕೂರ್ತಾನೆ. ಮೊದಲು ಹೇಗಿದ್ರು ಇಬ್ರೂ!"

ಅವತ್ತೇ ಹೇಳಬೇಕಿತ್ತು. ಹೆಂಡತಿಗಾದರೂ ಹೇಳಬಹುದಿತ್ತು. ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪ ಬಾಯಲ್ಲಿ ಇಟ್ಟುಕೊಂಡು ಗೋಣಿದಾರ "ಪಾಪ" ಎಂದ.

ಮೇಸ್ತ್ರಿ ಕೆಲಸಕ್ಕೇನೋ ಮರಳಿದ. ಆದರೆ ಮರಳಿದ್ದು ಬೇರೆ ಯಾರೋ ಎಂಬಂತಿತ್ತು. ಒಂದು ಗಂಟು ಹಾಕುವನು, ಬಿಚ್ಚುವನು, ಮತ್ತೆ ಹಾಕುವನು. ಎರಡಿದ್ದ ಕಡೆ ನಾಲ್ಕು ಹಗ್ಗ ಸುತ್ತುವನು. ಎಡಚನನ್ನು ಕರೆದು "ಎಳೆದು ನೋಡು" ಎನ್ನುವನು. ಅವನು ಗಟ್ಟಿ ಇದೆ ಎಂದರೂ ನಂಬದೆ ಹಲಗೆಯ ಬುಡದಲ್ಲಿ ನಿಂತುಬಿಡುವನು. ಒಂದು ಕಾಲು ಮೇಲಿಟ್ಟು, ಬೆವೆತು, ಕೆಳಗಿಡುವನು. ಗೋಡೆ ಕಿಟಕಿಯ ಮಟ್ಟಕ್ಕೆ ನಿಂತುಹೋಯಿತು. ಉಸ್ತುವಾರಿಗೆ ಕೂತ ಯಜಮಾನ ಅದನ್ನೆಲ್ಲ ಕುರ್ಚಿಯಿಂದ ನೋಡುತ್ತಿದ್ದ. ಆ ಗಂಟು ಎಷ್ಟು ಬಿಗಿಯಾಗಿತ್ತು ಎಂದು ಲೋಕದಲ್ಲಿ ಬಲ್ಲವನು ಒಬ್ಬನೇ. ಅವನು ಕೊಡೆಯ ನೆರಳಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದ. ನೆಲ ಬಾಯಿಬಿಡಬಾರದೇ ಎನ್ನಿಸುತ್ತಿತ್ತು. ನೆಲಕ್ಕೆ ಇಂಥವರನ್ನು ನುಂಗುವ ದರ್ದೇನಿದೆ?

ಒಂದು ಬೆಳಿಗ್ಗೆ ಮೇಸ್ತ್ರಿ ಉಳಿ ಸುತ್ತಿಗೆ ಇಲ್ಲದೆ ಬಂದ. ಬೆನ್ನಿನ ಮೇಲೆ ಒಂದು ಚೀಲ. ಹಿಂದೆ ಅವನ ಹೆಂಡತಿ, ಪ್ಲಾಸ್ಟರು ಹಾಕಿದ ಕೈಯನ್ನು ಕೊರಳಿಗೆ ತೂಗುಹಾಕಿಕೊಂಡು ಕುಂಟುತ್ತಾ ಬರುತ್ತಿದ್ದಳು. ಗೋಣಿದಾರನ ಹೆಂಡತಿ ಆಗಷ್ಟೇ ಟೀ ತಂದಿದ್ದಳು. ಎಡಚನೂ ಅಲ್ಲೇ ಇದ್ದ.

"ಯಜಮಾನ್ರೇ, ತಪ್ಪು ತಿಳ್ಕೋಬೇಡಿ" ಎಂದ ಮೇಸ್ತ್ರಿ. "ನಿಮ್ಮನೆ ಅರ್ಧಕ್ಕೆ ಬಿಡ್ತಾ ಇದೀನಿ. ಎಡಚ ಮುಗಿಸಿಕೊಡ್ತಾನೆ. ಇನ್ಮೇಲೆ ನಾನು ನೆಲದ ಮೇಲಿನ ಕೆಲಸ ನೋಡ್ಕೋತೀನಿ. ಎಲ್ಲಾದ್ರೂ ಜಲ್ಲಿ ಒಡೆಯೋದು, ಅಂಥದ್ದು. ಹೆಂಡ್ತೀನ ನಿಲ್ಲಿಸೋಕಾಗದ ಗಂಟು ಕಟ್ಟಿದೋನು ಸಾರವೆ ಹತ್ತಬಾರ್ದು."

"ಹತ್ತೋದು ಬೇಡ" ಎಂದಳು ಅವಳು, ಅವನ ಕಡೆ ನೋಡದೆ. "ಇನ್ಯಾರನ್ನಾದ್ರೂ ಕೊಂದಾನು."

ಮೇಸ್ತ್ರಿ ಅದನ್ನು ಕೇಳದವನಂತೆ ಚೀಲವನ್ನು ಗೋಣಿದಾರನ ಕಾಲ ಬಳಿ ಇಳಿಸಿದ. "ನನ್ನ ಹಗ್ಗಗಳು. ನನಗೆ ಇನ್ನು ಬೇಡ. ನೀವು ಒಂದು ಎಳೆ ದಾರಾನೂ ಬಿಸಾಕೋರಲ್ಲ, ಜೋಪಾನ ಮಾಡ್ತೀರಿ. ನಮಗೆ ಇಷ್ಟೆಲ್ಲ ಮಾಡಿದ್ರಿ, ಕೊಡೋಕೆ ನನ್ನ ಹತ್ರ ಬೇರೇನಿದೆ?"

ಚೀಲದ ಬಾಯಿ ತೆರೆದಿತ್ತು. ಎಲ್ಲಕ್ಕಿಂತ ಮೇಲೆ ಗಾರೆ ಅಂಟಿ ಒಣಗಿದ ಆ ಹಗ್ಗವೇ ಸುರುಳಿ ಸುತ್ತಿಕೊಂಡು ಕೂತಿತ್ತು.

ಗೋಣಿದಾರ ಕುರ್ಚಿಯಿಂದ ಎದ್ದ. ಈ ಸಲ ಪೂರ್ತಿ ಎದ್ದ.

"ನಾನು ಬಿಚ್ಚಿದ್ದು" ಎಂದ.

ಯಾರಿಗೂ ಅರ್ಥವಾಗಲಿಲ್ಲ. "ಏನನ್ನ?" ಎಂದಳು ಅವನ ಹೆಂಡತಿ.

"ಈ ಹಗ್ಗಾನ. ಹಿಂದಿನ ಸಂಜೆ ಮಳೆ ಬಂತು, ಸಿಮೆಂಟಿಗೆ ಕಟ್ಟೋಕೆ ಇರ್ಲಿಲ್ಲ. ಕಾಯೋ ಹಗ್ಗ ಅಂದ್ಕೊಂಡು ಇದನ್ನ ಬಿಚ್ಚಿದೆ. ಬೆಳಿಗ್ಗೆ ಹೇಳೋಕೆ ನಾಚಿಕೆಯಾಯ್ತು. ನಿಮ್ಮ ಹೆಂಡ್ತಿ ಹಲಗೆ ಹತ್ತಿದಾಗ ನನಗೆ ನೆನಪಿತ್ತು. ಆಮೇಲೆ ಇದನ್ನ ತಂದು ಅಲ್ಲಿ ಎಸೆದೆ. ಯಾರೂ ಮುಟ್ಟಿಲ್ಲ ಅಂದಿದ್ದು ಸುಳ್ಳು. ಬಿಗಿದಿರಲಿಲ್ಲ ಅಂದಿದ್ದೂ ಸುಳ್ಳು."

ಅಷ್ಟನ್ನೂ ಅವನು ಮೇಸ್ತ್ರಿಯ ಪಾದ ನೋಡುತ್ತಾ ಹೇಳಿದ. ಹೊಡೆಯಲಿ ಎಂದುಕೊಂಡ. ಉಗಿಯಲಿ. ಎಡಚನ ಸುತ್ತಿಗೆಯನ್ನೇ ಎತ್ತಲಿ. ಏನಾದರೂ ಆದರೆ ಹಗುರಾಗಬಹುದು ಎಂಬ ಒಂದು ದುರಾಸೆಯೂ ಒಳಗಿತ್ತು, ಅದನ್ನೇಕೆ ಮುಚ್ಚಿಡಬೇಕು?

ಮೇಸ್ತ್ರಿ ಕೇಳಿದ್ದು ಒಂದೇ.

"ಗಂಟು ಹೇಗಿತ್ತು?"

"ಏನು?"

"ನೀವು ಬಿಚ್ಚುವಾಗ. ನನ್ನ ಗಂಟು. ಸಡಿಲ ಇತ್ತಾ, ಗಟ್ಟಿ ಇತ್ತಾ?"

ಗೋಣಿದಾರ ಇಷ್ಟು ದಿನ ಜೇಬಿನಲ್ಲಿ ಬಚ್ಚಿಟ್ಟಿದ್ದ ಕೈಯನ್ನು ಹೊರತೆಗೆದ. "ಗಟ್ಟಿ ಇತ್ತು. ಅಂಥ ಗಂಟು ನಾನು ನೋಡಿರ್ಲಿಲ್ಲ. ಉಗುರು ಬುಡಸಮೇತ ಮುರೀತು."

ಮೇಸ್ತ್ರಿ ಆ ಬೆರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅರ್ಧ ಬೆಳೆದ ಉಗುರನ್ನು ತಿರುಗಿಸಿ ತಿರುಗಿಸಿ ನೋಡಿದ. ಅವನ ಮುಖ ಅರಳತೊಡಗಿತು. "ಮುರೀತಾ? ಬುಡದವರೆಗೆ?" ಎಂದ. "ಏ, ಬಾರೇ ಇಲ್ಲಿ! ನೋಡೇ! ನನ್ನ ಗಂಟಲ್ಲ ಕಣೇ ಬಿಚ್ಚಿಕೊಂಡಿದ್ದು! ಉಗುರು ಮುರಿದಿದೆ ನೋಡು ಇವರದ್ದು! ಎಡಚಾ, ನೋಡೋ!" ಎಂದು ನಗತೊಡಗಿದ. ಬಹಳ ದಿನದ ಮೇಲೆ ಆ ನಗಾರಿ ಮೊಳಗಿತು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಸುರಿಯಿತು, ಅದನ್ನು ಒರೆಸಿಕೊಳ್ಳಲೂ ಗೋಣಿದಾರನ ಬೆರಳನ್ನು ಬಿಡಲಿಲ್ಲ.

ಪೆಟ್ಟು ತಿನ್ನಲು ಸಿದ್ಧನಾಗಿ ನಿಂತವನಿಗೆ ಈ ಸಂತೋಷವನ್ನು ಹೇಗೆ ತಾಳಿಕೊಳ್ಳಬೇಕೋ ತಿಳಿಯಲಿಲ್ಲ. ಒಂದು ಮಾತು. ಒಂದೇ ಒಂದು ಮಾತಿನಿಂದ ಈ ಮನುಷ್ಯನಿಗೆ ಅವನ ಕೈಗಳನ್ನು ಹಿಂದಕ್ಕೆ ಕೊಡಬಹುದಿತ್ತು, ಯಾವತ್ತು ಬೇಕಾದರೂ ಕೊಡಬಹುದಿತ್ತು. ತಾನು ಕಳಿಸಿದ್ದು ಹಣ್ಣು.

ಮೇಸ್ತ್ರಿಯ ಹೆಂಡತಿ ನಗಲಿಲ್ಲ. ಕುಂಟುತ್ತಾ ಹತ್ತಿರ ಬಂದು, ಬೆರಳನ್ನು ನೋಡದೆ, ಗೋಣಿದಾರನ ಮುಖವನ್ನೇ ನೋಡಿದಳು.

"ಕೈ ಕೂಡ್ಕೊಳ್ಳುತ್ತೆ, ಡಾಕ್ಟ್ರು ಹೇಳಿದಾರೆ" ಎಂದಳು. "ಇಷ್ಟು ದಿನ ನಾನು ಇವನಿಗೆ ಏನೇನಂದೆ ಗೊತ್ತಾ ನಿಮಗೆ? ಅನ್ನಬಾರದ್ದನ್ನೆಲ್ಲ ಅಂದೆ. ಉಣ್ಣೋಕೆ ಕೂತಾಗ ಅಂದೆ, ನನ್ನ ತಲೆ ಬಾಚೋವಾಗ ಅಂದೆ. ಮಾತು ಆಡಿದರೆ ಹೋಯ್ತು ಅಂತಾರಲ್ಲ. ಅದನ್ನೆಲ್ಲ ಈಗ ಏನ್ ಮಾಡ್ಲಿ? ಹೇಳಿ ಯಜಮಾನ್ರೇ. ನೀವು ತಿಳಿದೋರು."

"ಬಿಡೇ, ಬಿಡೇ" ಎಂದ ಮೇಸ್ತ್ರಿ, ಇನ್ನೂ ನಗುತ್ತಾ. ಅವಳು ಬಿಡಲಿಲ್ಲ, ಉತ್ತರಕ್ಕೆ ಕಾದಳು. ಬಾರದಿದ್ದಾಗ ಗಂಡನ ಕಡೆ ತಿರುಗಿ, ಚೆನ್ನಾಗಿದ್ದ ಎಡಗೈಯಿಂದ ಅವನ ತೋಳನ್ನು ಹಿಡಿದು, ತಲೆ ತಗ್ಗಿಸಿ ಅತ್ತಳು.

ಗೋಣಿದಾರನ ಹೆಂಡತಿ ಟೀ ಲೋಟಗಳನ್ನು ಕೆಳಗಿಟ್ಟಳು. ಕೊಡೆಯನ್ನು ಬಿಚ್ಚಿ, ಕುರ್ಚಿಯನ್ನು ಮಡಚಿ, ಕಂಕುಳಲ್ಲಿ ಇರುಕಿಕೊಂಡು ಬಾಡಿಗೆ ಮನೆಯ ದಾರಿ ಹಿಡಿದಳು. ಆಮೇಲೆ ಆ ಕುರ್ಚಿ ಕೆಲಸದ ಜಾಗಕ್ಕೆ ಬರಲಿಲ್ಲ, ಅವನೂ ಕೇಳಲಿಲ್ಲ.

ಮೇಸ್ತ್ರಿ ಮಾತ್ರ ಆಗಲೇ ಚೀಲವನ್ನು ಬೋರಲು ಹಾಕಿ ಸಾರವೆಯ ಬುಡದಲ್ಲಿದ್ದ. ಹೆಚ್ಚುವರಿ ಸುತ್ತಿದ್ದ ಹಗ್ಗಗಳನ್ನೆಲ್ಲ ಕಿತ್ತು, ಕೂಡಿದ ಕಡೆಗೆಲ್ಲ ಎರಡೆರಡೇ ಬಿಗಿದು, ಮಧ್ಯಾಹ್ನದ ಹೊತ್ತಿಗೆ ಮೇಲೆ ಹತ್ತಿ ನಿಂತ.

ಅಲ್ಲಿಗೆ ಗೋಣಿದಾರನ ಪಾಡು ಮುಗಿಯಲಿಲ್ಲ. ನಿಜ ಹೇಳಬೇಕೆಂದರೆ ಶುರುವಾದದ್ದೇ ಅಲ್ಲಿಂದ. ಮೇಸ್ತ್ರಿಯ ಮನಸ್ಸಿನಲ್ಲಿ ಸೇಡಿರಲಿಲ್ಲ, ಸಂತೋಷವಿತ್ತು. ಆ ಸಂತೋಷವನ್ನು ಅವನು ಕಂಡಕಂಡವರಿಗೆಲ್ಲ ಹಂಚಿದ. ಮರಳು ತಂದವನಿಗೆ, ಬಡಗಿಗೆ, ಗೋಡೆ ನೋಡಲು ಬಂದ ಪಕ್ಕದ ಮನೆಯವರಿಗೆ, ಕೊನೆಗೆ ಗೋಣಿದಾರನ ಷಡ್ಡಕನಿಗೂ ಮೇಲಿನಿಂದಲೇ ಕೂಗಿ ಹೇಳುತ್ತಿದ್ದ: "ನನ್ನ ಗಂಟು ಬಿಚ್ಚೋಕೆ ಹೋಗಿ ನಮ್ಮ ಯಜಮಾನ್ರ ಉಗುರೇ ಮುರಿದುಹೋಯ್ತು! ತೋರಿಸಿ ಯಜಮಾನ್ರೇ!" ಕೇಳಿದವರು ಏಕೆ ಬಿಚ್ಚಲು ಹೋದಿರಿ ಎಂದು ಕೇಳುತ್ತಿದ್ದರು. ಆಗ ಗೋಣಿದಾರ ಅದನ್ನೂ ಹೇಳುತ್ತಿದ್ದ, ಒಂದನ್ನೂ ಬಿಡದೆ. ಕೇಳಿದವರ ಮುಖ ಬದಲಾಗುವುದನ್ನು ನಿಂತು ನೋಡುತ್ತಿದ್ದ.

ಗೋಡೆ ಸೂರಿನ ಮಟ್ಟಕ್ಕೆ ಬಂದಾಗ ಮೇಸ್ತ್ರಿಯ ಹೆಂಡತಿ ಕೆಲಸಕ್ಕೆ ಮರಳಿದಳು. ಕೈ ಸ್ವಲ್ಪ ಸೊಟ್ಟಗೆ ಕೂಡಿಕೊಂಡಿತ್ತು. ಗಂಡನನ್ನು ಈಗ ಅವಳು ಬೈಯುತ್ತಿರಲಿಲ್ಲ. ಅವನು ಮೇಲಿನಿಂದ "ಏ ಮಹಾರಾಣಿ!" ಎಂದರೆ ಮೊದಲಿನಂತೆ ತಿರುಗಿ ಏನನ್ನೋ ಅನ್ನಲು ಬಾಯಿ ತೆರೆದು, ತಡೆದುಕೊಂಡು, "ತರ್ತೀನಿ" ಎಂದಷ್ಟೇ ಹೇಳುತ್ತಿದ್ದಳು. ಕೆಳಗೆ ನಿಂತು ಗಾರೆಗೆ ನೀರು ಹಾಕುತ್ತಿದ್ದ ಗೋಣಿದಾರನಿಗೆ ಆ ತಡೆದುಕೊಂಡದ್ದು ಪ್ರತಿಸಲವೂ ಕೇಳಿಸುತ್ತಿತ್ತು.

ಅವತ್ತು ಕಲ್ಲು ತಂದ ಲಾರಿಯ ಡ್ರೈವರ್ ಹೊಸಬ. ಮೇಸ್ತ್ರಿ ಅವನಿಗೂ ಕಥೆ ಶುರುಮಾಡಿದ. "ತೋರಿಸಿ ಯಜಮಾನ್ರೇ!"

ಉಗುರು ಅಷ್ಟರಲ್ಲಿ ಪೂರ್ತಿ ಬೆಳೆದಿತ್ತು, ತೋರಿಸಲು ಏನೂ ಉಳಿದಿರಲಿಲ್ಲ. ಆದರೂ ಗೋಣಿದಾರ ಕೈಯೆತ್ತಿ ಬೆರಳು ತೋರಿಸಿದ. ಮೇಸ್ತ್ರಿಯ ಹೆಂಡತಿ ಬಾಂಡ್ಲಿ ಹೊತ್ತು, ಅವನು ಕೈ ಇಳಿಸುವವರೆಗೆ ಹಲಗೆಯ ಬುಡದಲ್ಲಿ ನಿಂತಿದ್ದಳು. ಆಮೇಲೆ ಗಳ ಕೂಡುವ ಕಡೆ ಇದ್ದ ಎರಡೂ ಗಂಟುಗಳನ್ನು ಒಂದೊಂದಾಗಿ ತಾನೇ ಹಿಸುಕಿ ನೋಡಿ, ಮೇಲೆ ಹತ್ತಿದಳು.